ಮುಖದ ಮೇಲೆ ಬರೆಯದ ಮಾತು

ಎಫೀ ರಟ್ರೇಗೆ ಬೇಕಾಗಿದ್ದದ್ದು ಒಂದು ಸಹಿ, ಅಷ್ಟೇ. ಹತ್ತು ನಿಮಿಷದಲ್ಲಿ ಹಾಕಿಸಿಕೊಂಡು ಮೂರು ಗಂಟೆಯ ಬಸ್ಸಿಗೆ ಡಂಡೀಗೆ ವಾಪಸಾದರಾಯಿತು ಎಂದುಕೊಂಡೇ ಅವಳು ಬ್ರಾಟಿ ಫೆರಿ ಎಂಬ ಆ ನದಿದಂಡೆಯ ಊರಲ್ಲಿ ಇಳಿದಳು. ಕೈಯಲ್ಲಿ ಕೇಕಿನ ಡಬ್ಬಿ, ಚೀಲದಲ್ಲಿ ಪ್ರಕಾಶಕರು ಕಳಿಸಿದ ಒಪ್ಪಿಗೆ ಪತ್ರ, ಜೊತೆಗೆ ನಲವತ್ತೈದು ವರ್ಷ ಹಳೆಯ ಕಾರ್ಬನ್ ಪ್ರತಿಗಳ ಕಟ್ಟು.

ಒಂಬತ್ತು ಕಾದಂಬರಿ ಬರೆದವಳು ಅವಳು. ಮೊದಲ ಏಳಕ್ಕೆ ಹೊಗಳಿಕೆ ಬಂತು, ಬಹುಮಾನ ಬಂತು, ರೇಡಿಯೊದವರು ಮನೆ ಬಾಗಿಲಿಗೇ ಬಂದರು. ಕೊನೆಯ ಎರಡನ್ನು ಮಾತ್ರ ಯಾರೂ ಮೂಸಿ ನೋಡಲಿಲ್ಲ. ಪುಸ್ತಕದಂಗಡಿಯಲ್ಲಿ ಅವನ್ನು ಹುಡುಕಬೇಕೆಂದರೆ ಮೊಣಕಾಲೂರಿ ಕೂರಬೇಕು, ಅರವತ್ತೈದರ ಮೊಣಕಾಲಿಗೆ ಅದೇನು ಸುಲಭವೇ? ಹತ್ತನೆಯದನ್ನು ಯಾರು ಹಾಕುತ್ತಾರೆ ಎಂದು ಕಂಗಾಲಾಗಿದ್ದಾಗ ಲಂಡನ್ನಿನ ಪ್ರಕಾಶಕರೊಬ್ಬರು ಕರೆದರು. ಅವರಿಗೆ ಹತ್ತನೆಯದು ಸದ್ಯಕ್ಕೆ ಬೇಡವಾಗಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಅವಳು ಡಂಡೀಯ ಹುಡುಗಿಯರ ವಾರಪತ್ರಿಕೆಯೊಂದಕ್ಕೆ ಬರೆದ ಕಾಮಿಕ್ಸ್ ಬೇಕಾಗಿತ್ತು, ಜಗಳವಾಡಿ ದೂರಾದ ಇಬ್ಬರು ಅಕ್ಕತಂಗಿಯರ ಕಥೆ. ಅದನ್ನು ರಟ್ಟಿನ ಪುಸ್ತಕವಾಗಿ ತರುತ್ತೇವೆ, ಅದು ಓಡಿದರೆ ಹೊಸ ಕಾದಂಬರಿಯನ್ನೂ ನೋಡೋಣ ಎಂದರು.

ಒಂದೇ ಒಂದು ಷರತ್ತು. ಪುಸ್ತಕದಲ್ಲಿ ಅವಳು ಬರೆದ ಮಾತು ಪೂರ್ತಿಯಾಗಿ ಇರಬೇಕು, ಕತ್ತರಿಸಿದ್ದಲ್ಲ.

ಈ ಷರತ್ತು ಹುಟ್ಟಿದ್ದು ಎಫೀ ವೇದಿಕೆಗಳಲ್ಲಿ ಆಡಿಕೊಂಡು ಬಂದ ಮಾತಿನಿಂದಲೇ. ಆ ಪತ್ರಿಕೆಯಲ್ಲಿ ಯಾರ ಹೆಸರೂ ಅಚ್ಚಾಗುತ್ತಿರಲಿಲ್ಲ. ಚಿತ್ರಕಾರ ಹುಲ್ಲಿನ ಸಂದಿಯಲ್ಲಿ ಕದ್ದುಮುಚ್ಚಿ ಸಹಿ ಹಾಕಿದರೆ ಕಚೇರಿಯಲ್ಲಿ ಬಿಳಿ ಬಣ್ಣ ಬಳಿದು ಅಳಿಸುತ್ತಿದ್ದರು. ಎಫೀ ಬಾಡಿಗೆ ಕೋಣೆಯಲ್ಲಿ ಕೂತು ಕಥೆ ಟೈಪ್ ಮಾಡಿ ಅಂಚೆಗೆ ಹಾಕುವಳು, ಸ್ಪೇನಿನಲ್ಲಿ ಯಾರೋ ಚಿತ್ರ ಬರೆಯುವರು, ಕಚೇರಿಯಲ್ಲಿ ಇನ್ಯಾರೋ ಅದರ ಮೇಲೆ ಅಕ್ಷರ ಬರೆಯುವರು. ಒಬ್ಬರ ಮುಖ ಇನ್ನೊಬ್ಬರು ಕಂಡಿದ್ದಿಲ್ಲ. ವಾರ ಕಳೆದು ಪತ್ರಿಕೆ ಕೈಗೆ ಬಂದಾಗ ಅವಳ ಅರವತ್ತು ಪದ ಹನ್ನೆರಡಾಗಿರುತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಇದು ಉಪಸಂಪಾದಕ ಸಿಮ್‌ನದೇ ಕೈವಾಡವೆಂದು ತೀರ್ಮಾನಿಸಿ, ಹೆಸರು ಹೇಳದೆ, ‘ಆ ಕಚೇರಿಯಲ್ಲೊಬ್ಬ ಕಟುಕನಿದ್ದ’ ಎಂದು ನಲವತ್ತು ವರ್ಷ ವೇದಿಕೆಯಿಂದ ವೇದಿಕೆಗೆ ಹೇಳಿಕೊಂಡು ಬಂದಳು. ಪ್ರತಿ ಸಲವೂ ಸಭೆ ನಗುತ್ತಿತ್ತು. ನಗು ಬರುವ ಮಾತನ್ನು ಯಾವ ಬರಹಗಾರ ತಾನೇ ಬಿಡುತ್ತಾನೆ?

ಈಗ ಪೂರ್ತಿ ಮಾತನ್ನು ಹಳೆಯ ಕೈಬರಹದಲ್ಲೇ ಕಂಪ್ಯೂಟರಿನಿಂದ ಬರೆಸಬೇಕು. ಅದಕ್ಕೆ ಆ ಕೈಯ ಯಜಮಾನನ ಒಪ್ಪಿಗೆ ಬೇಕು. ವಿಚಾರಿಸಿದಾಗ ಆ ಯಜಮಾನ ಇನ್ನೂ ಬದುಕಿದ್ದಾರೆ, ಹೆಸರು ವಾಲೇಸ್ ಗೆಡ್ಡಿಸ್, ವಯಸ್ಸು ಎಂಬತ್ತಾರು ಎಂದು ತಿಳಿಯಿತು.

ಬಾಗಿಲು ತೆರೆದದ್ದು ಅವರ ಹೆಂಡತಿ ಐನಾ. ಗಿಡ್ಡ ಹೆಂಗಸು, ಏಪ್ರನ್ನಿನ ಮೇಲೆ ಹಿಟ್ಟು.

“ನೀನೇನಾ ಆ ಎಫೀ ರಟ್ರೇ?”

“ಹೌದು, ಮಿಸೆಸ್ ಗೆಡ್ಡಿಸ್. ಫೋನ್ ಮಾಡಿದ್ದೆನಲ್ಲ...”

“ಮಾಡಿದ್ದೆ, ಮಾಡಿದ್ದೆ. ರೇಡಿಯೊದಲ್ಲೂ ನಿನ್ನ ಧ್ವನಿ ಕೇಳಿದೀನಿ ಕಣಮ್ಮ. ಚೆನ್ನಾಗಿ ಮಾತಾಡ್ತೀಯ. ಬಾ ಒಳಗೆ. ಕಟುಕ ಅಲ್ಲಿ ಕಿಟಕಿ ಹತ್ರ ಕೂತಿದಾನೆ.”

ಎಫೀಯ ಕಾಲು ಹೊಸ್ತಿಲಲ್ಲೇ ನಿಂತಿತು.

“ಯಾರು?”

“ನನ್ನ ಗಂಡ. ಇನ್ಯಾರು? ನಿನ್ನ ಮಾತು ಕತ್ತರಿಸಿದ್ದು ಅವನೇ. ನೀನು ಬೈದಾಗೆಲ್ಲ ಅವನು ನಕ್ಕ. ನಂಗೆ ನಗು ಬರ್ಲಿಲ್ಲಪ್ಪ.”

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಎಫೀಗೆ. ಒಳಗಿನಿಂದ ಮೆತ್ತನೆಯ ದನಿಯೊಂದು ಬಂತು. “ಐನಾ, ಅವಳನ್ನ ಅಲ್ಲೇ ನಿಲ್ಲಿಸ್ಕೊಂಡು ಗಲ್ಲಿಗೇರಿಸ್ಬೇಡ. ಮೊದ್ಲು ಕೂರಕ್ಕಾದ್ರೂ ಹೇಳು.”

ವಾಲೇಸ್ ತೆಳ್ಳಗೆ, ಎತ್ತರಕ್ಕೆ ಇದ್ದರು. ಕೈ ಕುಲುಕಿದಾಗ ಅವರ ಬಲಗೈ ನಡುಗುತ್ತಿತ್ತು. ಕಿಟಕಿಯಾಚೆ ನದಿ, ದಂಡೆಯಲ್ಲಿ ಬೂದು ಆಕಾಶದ ಕೆಳಗೆ ನಾಯಿ ಅಡ್ಡಾಡಿಸುವ ಜನ.

“ಗೆಡ್ಡಿಸ್ ಅವರೇ, ನಂಗೆ ಗೊತ್ತಿರ್ಲಿಲ್ಲ,” ಅಂದಳು ಎಫೀ. “ಅದು ಸಿಮ್ ಅಂತ...”

“ಸಿಮ್ಮಾ?” ಮುದುಕ ಜೋರಾಗಿ ನಕ್ಕರು. “ಪಾಪ, ಸಿಮ್ ನಿನ್ನ ಕಥೆ ಓದ್ತಾನೇ ಇರ್ಲಿಲ್ಲ ಕಣಮ್ಮ. ಅವನಿಗೆ ಕುದುರೆ ರೇಸು ಇತ್ತು, ಅದು ಬಿಟ್ರೆ ಊಟ ಇತ್ತು. ‘ಗೆಡ್ಡಿಸ್, ಜಾಗಕ್ಕೆ ಹಿಡಿಸೋ ಹಾಗೆ ಮಾಡಿ ಹಾಕು’ ಅಂತಿದ್ದ. ಮಾತು ಬರೆಯೋ ಒಂದು ಬಲೂನಿಗೆ ಇಪ್ಪತ್ತೈದು ಪದ ಅಂತ ಗೋಡೆ ಮೇಲೆ ಬರ್ದಿತ್ತು. ನೀನು ಅರವತ್ತು ಕಳಿಸ್ತಿದ್ದೆ. ನಾನೇನು ಮಾಡ್ಲಿ, ಹೇಳು?”

“ಇಪ್ಪತ್ತೈದು ಉಳಿಸಬಹುದಿತ್ತಲ್ಲ,” ಎಂದುಬಿಟ್ಟಳು ಎಫೀ. ನಾಚಿಕೆಯಾದರೂ ಹಳೆಯ ಹೊಟ್ಟೆಯುರಿ ಅಷ್ಟು ಬೇಗ ಆರುವಂಥದ್ದಲ್ಲ. “ಕೊನೇ ಕಂತಲ್ಲಿ ಮೂರೇ ಮೂರು ಪದ ಉಳಿಸಿದೀರಿ.”

“ತಗೊಂಡು ಬಂದಿದೀಯಾ?”

ಅವಳು ಕಾರ್ಬನ್ ಪ್ರತಿ ತೆಗೆದುಕೊಟ್ಟಳು. ಅವರು ಕನ್ನಡಕ ಏರಿಸಿ, ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ನಿಧಾನವಾಗಿ ಗಟ್ಟಿಯಾಗಿ ಓದಿದರು.

“‘ಅಕ್ಕಾ, ಆ ದಿನ ನಾನು ಹಾಗೆ ಹೇಳಬಾರದಿತ್ತು, ಅಮ್ಮನ ಸರ ಕಳೆದವಳು ನೀನಲ್ಲವೆಂದು ಗೊತ್ತಿದ್ದರೂ ಜಂಬದಿಂದ ಸುಮ್ಮನಿದ್ದೆ, ಈ ಎರಡು ವರ್ಷದಲ್ಲಿ ಒಂದು ದಿನವೂ ನಾನು ನಗಲಿಲ್ಲ, ನಿನ್ನನ್ನು ಕ್ಷಮಿಸಲು ನಾನ್ಯಾರು, ನೀನೇ ನನ್ನನ್ನು ಕ್ಷಮಿಸಬೇಕು, ಬಾರೇ, ಚಹಾ ಆರಿಹೋಗತ್ತೆ, ಇನ್ನೆಂದೂ ನಾವು ಬೇರೆಯಾಗದಿರೋಣ!’”

ಅಡುಗೆಮನೆಯಿಂದ ಐನಾ ಕೂಗಿದರು. “ಅಬ್ಬಾ! ಅಷ್ಟು ಹೊತ್ತಿಗೆ ಅಕ್ಕ ಮನೆಗೆ ಹೋಗಿ ಮಲಗಿರ್ತಾಳೆ!”

ಎಫೀಗೆ ತಡೆಯಲಾಗಲಿಲ್ಲ, ನಕ್ಕಳು. ವಾಲೇಸ್ ನಗಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಹೋಗಿ, ಕಪಾಟಿನಿಂದ ಆ ವಾರದ ಪತ್ರಿಕೆ ತಂದು ಅವಳ ಮಡಿಲಲ್ಲಿ ತೆರೆದಿಟ್ಟರು. ಕೊನೆಯ ಚೌಕ ಪುಟದ ಅರ್ಧಕ್ಕಿಂತ ದೊಡ್ಡದು. ಬಾಗಿಲಲ್ಲಿ ತಂಗಿ, ಬೀದಿಯಲ್ಲಿ ಪೆಟ್ಟಿಗೆ ಹಿಡಿದ ಅಕ್ಕ. ಮೂಲೆಯಲ್ಲಿ ಚಿಕ್ಕ ಬಲೂನು, ‘ಬಾರೇ, ಚಹಾ ಆರಿಹೋಗತ್ತೆ.’

“ನನ್ನ ಮಾತು ಬಿಡು,” ಅಂದರು ವಾಲೇಸ್. “ಈ ತಂಗಿ ಮುಖ ನೋಡು. ಆ ಸ್ಪೇನಿನವನು ಇಡೀ ಕಥೇಲಿ ಅವಳ ಮುಖಾನ ಕಲ್ಲಿನ ಹಾಗೇ ಬರ್ದಿದ್ದ. ಇದೊಂದು ಚೌಕದಲ್ಲಿ ಮಾತ್ರ ತುಟಿ ಸಡಿಲ ಮಾಡಿದಾನೆ, ಈ ಗೆರೆ, ಇಲ್ಲಿ. ಅಳ್ತಿದಾಳೋ ನಗ್ತಿದಾಳೋ ಗೊತ್ತಾಗಲ್ಲ. ನಿನ್ನ ಪೂರ್ತಿ ಮಾತು ಹಾಕಿದ್ರೆ ಬಲೂನು ಎಲ್ಲಿಗೆ ಬರ್ತಿತ್ತು, ಗೊತ್ತಾ?”

ಅವರು ಪುಟದ ಮೇಲೆ ಅಂಗೈ ಇಟ್ಟರು. ತಂಗಿಯ ಮುಖ ಕಾಣದಾಯಿತು.

“ನೋಡು. ಅವಳ ಮುಖದ ಮೇಲೆ ಬರೀಬೇಕಾಗಿತ್ತು. ನನ್ನ ಕೈಲಾಗ್ಲಿಲ್ಲ. ನಾನು ಒಂದು ಪದಾನೂ ಸೇರಿಸ್ಲಿಲ್ಲ ಕಣಮ್ಮ, ಆ ಹಕ್ಕು ನಂಗಿಲ್ಲ. ಆ ಮೂರು ಪದ ನಿಂದೇ. ಮೂವತ್ತರ ಮಧ್ಯೆ ಸಿಕ್ಕಿಹಾಕ್ಕೊಂಡಿತ್ತು, ಬಿಡಿಸ್ದೆ.”

ಆ ಮೂರು ಪದ ಎಫೀಗೆ ತಂದುಕೊಟ್ಟದ್ದು ಕಡಿಮೆಯೇ? ಅಜ್ಜಿಯರಾದ ಹೆಂಗಸರು ಸಭೆ ಮುಗಿದ ಮೇಲೆ ಅವಳ ಕೈ ಹಿಡಿದು ಅದನ್ನೇ ಹೇಳುತ್ತಿದ್ದರು, ಇಷ್ಟು ಚಿಕ್ಕ ಮಾತು ನಿಮಗೆ ಹೇಗೆ ಹೊಳೆಯಿತು ಎನ್ನುತ್ತಿದ್ದರು. ಹೊಳೆಯಿತಪ್ಪ ಹೇಗೋ, ಎಂದು ಅವಳು ವಿನಯದಿಂದ ತಲೆ ತಗ್ಗಿಸುತ್ತಿದ್ದಳು. ಅದೇ ಸಂಜೆ ಅದೇ ವೇದಿಕೆಯಲ್ಲಿ ಕಟುಕನಿಗೆ ಬೈದೂ ಆಗಿರುತ್ತಿತ್ತು!

ಇನ್ನೊಂದು ಸಂಗತಿ ಆಗ ಅವಳ ನೆನಪಿಗೆ ಬಂತು. ಆ ಕಥೆಯ ನಂತರ ಅವಳು ಹಟ ತೊಟ್ಟಿದ್ದಳು. ಕಟುಕನಿಗೆ ಕತ್ತರಿಸಲು ಏನೂ ಸಿಗಬಾರದು ಎಂದು ಮಾತುಗಳನ್ನು ತಾನೇ ಮೊದಲು ಸವರಿ ಸವರಿ ಕಳಿಸತೊಡಗಿದ್ದಳು. ಐವತ್ತು ಪದ ಮೂವತ್ತಾಯಿತು, ಮೂವತ್ತು ಹತ್ತಾಯಿತು. ಮುಂದೆ ಅವಳ ಕಾದಂಬರಿಗಳನ್ನು ವಿಮರ್ಶಕರು ಹಾಡಿ ಹೊಗಳಿದ್ದು ಆ ಮಿತಮಾತಿಗೇ.

“ಆಮೇಲಾಮೇಲೆ ನಾನು ಚಿಕ್ಕದಾಗಿ ಬರೀತಿದ್ದೆ,” ಅಂದಳು ಮೆಲ್ಲಗೆ.

“ಗೊತ್ತಿಲ್ವಾ ನಂಗೆ! ಕೊನೇ ವರ್ಷ ನೀನು ನಂಗೆ ಕೆಲಸಾನೇ ಕೊಡ್ಲಿಲ್ಲ. ಒಂದಿನ ಮನೆಗೆ ಬಂದು ಐನಾಗೆ ಹೇಳ್ದೆ, ಈ ಹುಡುಗಿ ಇನ್ನು ನಮ್ಮಲ್ಲಿ ಉಳಿಯಲ್ಲ, ಪುಸ್ತಕ ಬರೆಯಕ್ಕೆ ಹೋಗ್ತಾಳೆ ಅಂತ.”

“ಹೇಳಿದ್ದ,” ಅಂದರು ಐನಾ, ಚಹಾದ ತಟ್ಟೆ ತಂದಿಡುತ್ತ. “ಒಂಬತ್ತನ್ನೂ ಕೊಂಡಿದಾನೆ. ಕೊನೇದೆರಡೂ ಸೇರಿ.”

ಎಫೀಗೆ ಕಣ್ಣು ತುಂಬಿಬಂತು. ಆ ಎರಡನ್ನು ಕೊಂಡವರಲ್ಲಿ ಒಬ್ಬರನ್ನಾದರೂ ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು.

ವಾಲೇಸ್ ಒಪ್ಪಿಗೆ ಪತ್ರಕ್ಕೆ ಕೈ ಚಾಚಿದರು. “ಎಲ್ಲಿ ಸಹಿ ಹಾಕ್ಬೇಕು? ನಿನ್ನ ಪುಸ್ತಕ, ನಿನ್ನ ಮಾತು. ಪೂರ್ತಿ ಹಾಕಿಸ್ಕೋ. ನಂಗೇನೂ ಬೇಜಾರಿಲ್ಲ.”

ಸಹಿ ಅಂಗೈ ದೂರದಲ್ಲಿತ್ತು. ಬಸ್ಸಿಗೂ ಇನ್ನೂ ಹೊತ್ತಿತ್ತು. ಎಫೀ ಪತ್ರವನ್ನು ಮಡಚಿ ಚೀಲಕ್ಕೆ ತುರುಕಿ, ಲಂಡನ್ನಿನ ಸಂಪಾದಕಿ ಇಮೊಜೆನ್‌ಗೆ ಅಲ್ಲಿಂದಲೇ ಫೋನ್ ಮಾಡಿದಳು.

“ಇಮೊಜೆನ್, ಪೂರ್ತಿ ಮಾತು ಹಾಕೋದು ಬೇಡ. ಅಚ್ಚಾಗಿದ್ದ ಹಾಗೇ ಇರ್ಲಿ.”

“ಏನು ತಮಾಷೆ ಮಾಡ್ತಿದೀರಾ? ‘ಕತ್ತರಿಗೆ ಸಿಗದ ಮೂಲ’ ಅಂತ ಆಗ್ಲೇ ಎಲ್ಲ ಕಡೆ ಹೇಳಿಕೊಂಡಿದೀವಿ. ಅದಿಲ್ದೆ ಇದ್ರೆ ಹಳೇ ಪತ್ರಿಕೆನೇ ಮತ್ತೆ ಮಾರಿದ ಹಾಗೆ. ಪುಸ್ತಕ ಬರೋದೇ ಅನುಮಾನ, ಎಫೀ. ಮುಂದಿನ ಕಾದಂಬರಿದೂ ಅಷ್ಟೇ.”

ಐನಾ ಕೇಕು ಕತ್ತರಿಸುತ್ತಿದ್ದ ಕೈ ನಿಲ್ಲಿಸಿದರು. ವಾಲೇಸ್ ಬೇಡ ಬೇಡ ಎಂದು ಸನ್ನೆ ಮಾಡಿದರು.

“ಹಾಗಿದ್ರೆ ಬರೋದು ಬೇಡ,” ಅಂದಳು ಎಫೀ. “ನಲವತ್ತು ವರ್ಷ ನಾನು ಸುಳ್ಳು ಹೇಳ್ಕೊಂಡು ಬಂದಿದೀನಿ. ಕತ್ತರಿಸಿದವರು ನಂಗೆ ಬರೆಯೋದು ಕಲಿಸಿದವರು. ಇಲ್ಲೇ ನನ್ನೆದುರಿಗೇ ಕೂತಿದಾರೆ. ಕೇಳು, ಎರಡೂ ಓದ್ತೀನಿ.”

ಓದಿದಳು. ಮೊದಲು ಉದ್ದದ್ದು, ಆಮೇಲೆ ಮೂರು ಪದ.

“ನಮ್ಮಮ್ಮ,” ಅಂದಳು ಇಮೊಜೆನ್, “ನನ್ನ ಜೊತೆ ಜಗಳ ಆದಾಗೆಲ್ಲ ಆ ಮೂರು ಪದಾನೇ ಹೇಳ್ತಿದ್ಲು. ಪೂರ್ತಿದು ಹೇಳಿದ್ರೆ ನಾನು ವಾಪಸ್ ಬರ್ತಿರ್ಲಿಲ್ಲ.” ನಿಟ್ಟುಸಿರು ಕೇಳಿಸಿತು. “ಸರಿ, ಮೇಲಿನವರ ಹತ್ರ ಗುದ್ದಾಡ್ತೀನಿ. ಆದ್ರೆ ಹೇಳ್ಕೊಳೋಕೆ ಏನಾದ್ರೂ ಕೊಡಿ ನಂಗೆ.”

“ರಟ್ಟಿನ ಮೇಲೆ ಮೂರು ಹೆಸರು. ಚಿತ್ರದವನದು, ನಂದು, ವಾಲೇಸ್ ಗೆಡ್ಡಿಸ್ ಅವರದು. ಮೂರೂ ಒಂದೇ ಅಳತೆ. ಮೊದಲ ಪುಟದಲ್ಲಿ ಕಟುಕನ ಕಥೆ ನಾನೇ ಬರೀತೀನಿ, ಈ ಸಲ ನಿಜದ್ದು.”

“ಹಾಗಾದ್ರೆ ಹೆಸರುಗಳನ್ನ ಅವರ ಕೈಲೇ ಬರೆಸಿ ಕಳಿಸಿ,” ಅಂದಳು ಇಮೊಜೆನ್. “ಕಂಪ್ಯೂಟರ್ ಬೇಡ.”

ಐನಾ ಎದ್ದು ಹೋಗಿ ಶಾಯಿ, ಲೇಖನಿ, ದಪ್ಪ ಕಾಗದ ತಂದು ಮೇಜಿನ ಮೇಲಿಟ್ಟರು. ಹೋಗುವಾಗ ಎಫೀಯ ಭುಜವನ್ನೊಮ್ಮೆ ಒತ್ತಿದರು. ವಾಲೇಸ್ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಕಚೇರಿಯಲ್ಲಿ ಅಳಿಸುವ ಮೊದಲು ಎಷ್ಟೋ ಸಲ ಕಂಡಿದ್ದ ಸ್ಪೇನಿನವನ ಹೆಸರು ಬರೆದರು, ಎಫೀಯದು ಬರೆದರು. ನಡುಕ ಅಕ್ಷರಗಳಲ್ಲಿ ಅಷ್ಟಾಗಿ ಕಾಣಲಿಲ್ಲ. ತಮ್ಮದಕ್ಕೆ ಬಂದಾಗ ಲೇಖನಿ ನಿಂತಿತು. ಇಷ್ಟು ವರ್ಷ ಊರವರ ಮಾತೆಲ್ಲ ಬರೆದ ಕೈ, ಅಚ್ಚಿಗೆಂದು ಆ ಹೆಸರನ್ನು ಒಮ್ಮೆಯೂ ಬರೆದಿರಲಿಲ್ಲ. ಉಳಿದ ಜಾಗವನ್ನು ಕಣ್ಣಲ್ಲೇ ಅಳೆದರು.

“ಉದ್ದ ಆಯ್ತು ಕಣಮ್ಮ. ಬರೀ ‘ಗೆಡ್ಡಿಸ್’ ಅಂತ ಸಾಕಲ್ವಾ? ಪೂರ್ತಿ ಬರೆದ್ರೆ ಚಿತ್ರಕ್ಕೆ ಅಡ್ಡ ಬರತ್ತೆ.”

“ಬರ್ಲಿ,” ಅಂದಳು ಎಫೀ. “ಇದರಲ್ಲಿ ಮಾತ್ರ ಒಂದಕ್ಷರಾನೂ ಕತ್ತರಿಸ್ಬೇಡಿ.”

ವಾಲೇಸ್ ಅವಳ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಲೇಖನಿಯನ್ನು ಮತ್ತೊಮ್ಮೆ ಶಾಯಿಗೆ ಅದ್ದಿ ಪೂರ್ತಿ ಹೆಸರು ಬರೆದರು.