ಬುಧವಾರದ ಸವಾರಿಯ ಹದಿನಾಲ್ಕನೆಯವನು

ಜೂನ್ ತಿಂಗಳ ಎರಡನೇ ಬುಧವಾರ ಬೆಳಿಗ್ಗೆ ಹತ್ತಕ್ಕೆ ನಾವು ಹದಿನಾಲ್ಕು ಜನ ಟಾಲ್‌ಕಿರ್ಶನ್ ಸೇತುವೆಯ ಬಳಿ ಸೈಕಲ್ ಹಿಡಿದು ನಿಂತಿದ್ದೆವು. ಮುಂದೆ ಬುರ್ಗಾ, ಕೊನೆಯಲ್ಲಿ ನಾನು. ಕೊನೆಯ ಸವಾರನನ್ನು ನಮ್ಮ ಸೈಕಲ್ ಸಂಘದಲ್ಲಿ ‘ಬಾಲ’ ಎನ್ನುತ್ತೇವೆ. ಗುರುತಿಗೆ ಹಳದಿ ಜಾಕೆಟ್ ಕೊಡುತ್ತಾರೆ. ಬಾಲಕ್ಕೆ ಎರಡು ಕೆಲಸ. ಯಾರೂ ತನ್ನ ಹಿಂದೆ ಉಳಿಯಬಾರದು, ಸಾಲಿನ ನಡುವೆ ಸಂದು ಬೀಳಬಾರದು. ಎರಡನೆಯ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ದಾರಿ ಸುಲಭದ್ದು. ಈಸಾರ್ ನದಿಯ ದಡ ಹಿಡಿದು, ಮ್ಯೂನಿಕ್ ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ, ದೊಡ್ಡ ಉದ್ಯಾನದ ತುದಿಯಲ್ಲಿರುವ ಬಿಯರ್ ಗಾರ್ಡನ್ ಸೇರುವುದು. ಹೋಗುತ್ತ ಹದಿಮೂರು ಕಿಲೋಮೀಟರ್, ಬರುತ್ತ ಅಷ್ಟೇ. ಬುರ್ಗಾ ಹತ್ತೊಂಬತ್ತು ವರ್ಷಗಳಿಂದ ಬುಧವಾರದ ಸವಾರಿಯನ್ನು ನಡೆಸುತ್ತಿದ್ದಳು. ಅವಳಿಗೆ ಎಪ್ಪತ್ನಾಲ್ಕು.

ಆ ದಿನ ಸಂಘದ ಸಮಿತಿಯಿಂದ ಕೊರ್ನೆಲಿಯಾ ಬಂದಿದ್ದಳು. ಏಪ್ರಿಲ್‌ನಲ್ಲಿ ಬುರ್ಗಾ ಇಸ್ಮಾನಿಂಗ್ ಊರಿನಾಚೆ ತಪ್ಪು ಕವಲು ಹಿಡಿದು ಎಲ್ಲರಿಂದ ಹನ್ನೊಂದು ಕಿಲೋಮೀಟರ್ ಹೆಚ್ಚಿಗೆ ತುಳಿಸಿದ್ದಳು. ದೂರು ಹೋಯಿತು. ಕೊರ್ನೆಲಿಯಾ ಜೊತೆಯಲ್ಲಿ ಸವಾರಿ ಮಾಡಿ ವರದಿ ಕೊಡಬೇಕು, ವರದಿ ಸರಿಯಿಲ್ಲದಿದ್ದರೆ ಜುಲೈನಿಂದ ಬುಧವಾರ ಬೇರೆಯವರಿಗೆ ಎಂದು ಸಮಿತಿ ತೀರ್ಮಾನಿಸಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಬುರ್ಗಾಗೂ.

“ಆ ಹನ್ನೊಂದು ಕಿಲೋಮೀಟರ್‌ನಲ್ಲಿ ನಾನು ಎರಡು ಕೊಕ್ಕರೆ ನೋಡ್ದೆ,” ಎಂದು ಗೊಟ್‌ಫ್ರೀಡ್ ಕೊರ್ನೆಲಿಯಾಗೆ ಕೇಳುವಂತೆ ಹೇಳಿದ. “ದೂರು ಬರೆದವನು ನೋಡ್ಲಿಲ್ಲ ಅಂತ ಕಾಣತ್ತೆ.”

“ಬರೆದವಳು,” ಅಂದಳು ಬುರ್ಗಾ. “ಹೊರಡೋಣ.”

ಗೊಟ್‌ಫ್ರೀಡ್ ಮೂವತ್ನಾಲ್ಕು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದವನು. ಸವಾರಿಯಲ್ಲಿ ಪ್ರತಿ ಸೇತುವೆ ಬಂದಾಗಲೂ, “ಮುಂದಿನ ನಿಲ್ದಾಣ ರೈಖನ್‌ಬಾಖ್ ಸೇತುವೆ, ಇಳಿಯುವವರು ಬಲಕ್ಕೆ,” ಎಂದು ಕೂಗುತ್ತಾನೆ. ಮೊದಲ ವರ್ಷ ನಕ್ಕಿದ್ದೆವು. ಎರಡನೇ ವರ್ಷ ಬೈದೆವು. ಆಮೇಲೆ ಅದು ಕಿವಿಗೆ ಬೀಳುವುದೇ ನಿಂತುಹೋಯಿತು.

ಕೊರ್ನೆಲಿಯಾ ಕೈಯಲ್ಲಿ ಎಣಿಸುವ ಸಣ್ಣ ಯಂತ್ರವಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒಂದೊಂದೇ ಅಂಕಿ ಏರುತ್ತದೆ. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಬೇಕು ಎನ್ನುವುದು ಈ ವರ್ಷದ ಹೊಸ ನಿಯಮ.

“ನೀನು ಎಣಿಸಲ್ವಾ?” ಎಂದು ಬುರ್ಗಾಳನ್ನು ಕೇಳಿದಳು. ಸಂಘದಲ್ಲಿ ವಯಸ್ಸು, ಪದವಿ ನೋಡದೆ ಎಲ್ಲರೂ ಏಕವಚನದಲ್ಲೇ ಮಾತಾಡುತ್ತೇವೆ.

“ಇವರೇನು ಕುರಿಗಳಾ?”

“ಕುರಿಗಳಾದ್ರೆ ಇಷ್ಟು ಜಗಳ ಆಡ್ತಿರ್ಲಿಲ್ಲ,” ಅಂದ ಗೊಟ್‌ಫ್ರೀಡ್.

ಕೊರ್ನೆಲಿಯಾ ನಗಲಿಲ್ಲ. ಫಾರಂನಲ್ಲಿ ಏನೋ ಗುರುತು ಹಾಕಿಕೊಂಡಳು.

ಬಿಸಿಲು ಚೆನ್ನಾಗಿತ್ತು. ಬೆಣಚುಕಲ್ಲಿನ ದಂಡೆಗಳ ಮೇಲೆ ಜನ ಆಗಲೇ ಟವೆಲ್ ಹಾಸಿಕೊಂಡು ಮಲಗಿದ್ದರು. ಹಸಿರು ನೀರಿನಲ್ಲಿ ಒಬ್ಬ ಮುದುಕ ನಾಯಿಯನ್ನು ಈಜಿಸುತ್ತಿದ್ದ. ನಾಯಿಗೆ ಇಷ್ಟವಿದ್ದಂತೆ ಕಾಣಲಿಲ್ಲ. ರೈಖನ್‌ಬಾಖ್ ಸೇತುವೆಯಲ್ಲಿ ಎಣಿಕೆ: ಹದಿನಾಲ್ಕು. ಮ್ಯೂಸಿಯಂ ದಾಟಿ, ಪೂರ್ವ ದಡದ ಮರಗಳ ನೆರಳಿನಲ್ಲಿ ಸಾಗಿ, ಮಾಕ್ಸ್ ಯೋಸೆಫ್ ಸೇತುವೆಯನ್ನು ಹತ್ತು ಐವತ್ತರ ಸುಮಾರಿಗೆ ಹಿಂದೆ ಹಾಕಿದೆವು.

ಅಲ್ಲಿಂದ ಸ್ವಲ್ಪ ಮುಂದೆ, ಪಕ್ಕದ ದಾರಿಯೊಂದು ನಮ್ಮ ದಾರಿಗೆ ಬಂದು ಸೇರುವಲ್ಲಿ, ಸಾಲು ತುಂಡಾಗಿತ್ತು. ಬೂದು ಹೆಲ್ಮೆಟ್ ಹಾಕಿದವನೊಬ್ಬ ಒಂದು ಕಾಲು ನೆಲಕ್ಕೂರಿ ಎಡಕ್ಕೂ ಬಲಕ್ಕೂ ನೋಡುತ್ತ ನಿಂತಿದ್ದ. ಮುಂದಿನವರು ಆಗಲೇ ನೂರು ಮೀಟರ್ ಹೋಗಿದ್ದರು.

“ನಡೀ, ನಡೀ, ಸಂದು ಬಿಡಬೇಡ,” ಎಂದು ಕೈ ಬೀಸಿದೆ. ಅವನು ಬಲವಾಗಿ ತುಳಿದು ಸಾಲು ಸೇರಿಕೊಂಡ. ನಾನು ತೃಪ್ತನಾಗಿ ಹಿಂದೆ ಹೋದೆ.

ಕೆನಡಿ ಸೇತುವೆಯಲ್ಲಿ ಮತ್ತೆ ಎಣಿಕೆ. ಹದಿನಾಲ್ಕು. ನದಿಗೆ ಕಟ್ಟಿದ ಒಡ್ಡಿನ ಬಳಿ ನಿಲ್ಲಲಿಲ್ಲ. ಹನ್ನೊಂದೂಕಾಲಕ್ಕೆ ಸಂತ ಎಮ್ಮೆರಾಮ್‌ನ ಮರದ ಸೇತುವೆ ತಲುಪಿದೆವು. ಅದನ್ನು ದಾಟಿದರೆ ಬಿಯರ್ ಗಾರ್ಡನ್‌ಗೆ ಹತ್ತು ನಿಮಿಷವೂ ಇಲ್ಲ. ಬುರ್ಗಾ ಸೇತುವೆಯ ಬಾಯಲ್ಲೇ ಸೈಕಲ್ ಅಡ್ಡ ನಿಲ್ಲಿಸಿದಳು.

“ಯಾರೋ ಒಬ್ಬರು ಇಲ್ಲ,” ಅಂದಳು.

ಕೊರ್ನೆಲಿಯಾ ಯಂತ್ರ ಒತ್ತುತ್ತ ಸಾಲಿನುದ್ದಕ್ಕೂ ನಡೆದು ಬಂದಳು. “ಹದಿನಾಲ್ಕು. ಎಲ್ಲರೂ ಇದ್ದಾರೆ.”

“ಇಲ್ಲ.”

“ಯಾರಿಲ್ಲ?”

ಬುರ್ಗಾ ಬಂದ ದಾರಿಯತ್ತ ಒಮ್ಮೆ ತಿರುಗಿ ನೋಡಿದಳು. “ಗೊತ್ತಾಗ್ತಿಲ್ಲ.”

ಕೊರ್ನೆಲಿಯಾ ಮತ್ತೊಮ್ಮೆ ಎಣಿಸಿದಳು. ನಾನೂ ಎಣಿಸಿದೆ. ಹದಿನಾಲ್ಕೇ. ಸುಮ್ಮನೆ ಸೇತುವೆ ದಾಟಿದ್ದರೆ ವರದಿ ಸರಿಯಾಗಿಯೇ ಬರುತ್ತಿತ್ತು. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: “ಬುರ್ಗಾ, ಲೆಕ್ಕ ಸರಿಯಿದೆ. ಹೊರಡು. ಇವಳ ಮುಂದೆ ಬೇಡ.”

“ಎಗೋನ್, ನೀನು ನಿನ್ನ ಜಾಗಕ್ಕೆ ಹೋಗು.”

“ನೋಡಿ,” ಅಂದಳು ಕೊರ್ನೆಲಿಯಾ, “ನಿಮಗೆ ಆಯಾಸ ಆಗಿದ್ರೆ ಐದು ನಿಮಿಷ ಕೂತ್ಕೊಳ್ಳಿ.” ‘ನೀವು’ ಎಂದಿದ್ದಳು. ನಮ್ಮ ಸಂಘದಲ್ಲಿ ಅದು ಬೈಗುಳಕ್ಕಿಂತ ಕೆಟ್ಟದ್ದು.

ಬುರ್ಗಾ ಕೂರಲಿಲ್ಲ. ಸೇತುವೆಯ ಹಲಗೆಯ ಮೇಲೆ ಬೂಟು ತಟ್ಟುತ್ತ ನಿಂತಿದ್ದಳು. ಆಮೇಲೆ ಎಲ್ಲರನ್ನೂ ಕೇಳಿದಳು: “ಈ ಸೇತುವೆ ಹೆಸರು ಯಾರಾದ್ರೂ ಕೂಗಿದ್ರಾ?”

“ಇಲ್ಲ,” ಅಂದರು ನಾಲ್ಕೈದು ಜನ.

“ಕೆನಡಿ ಸೇತುವೆ?”

ಅದನ್ನೂ ಯಾರೂ ಕೇಳಿರಲಿಲ್ಲ.

“ಮಾಕ್ಸ್ ಯೋಸೆಫ್?”

ಇಬ್ಬರು ಕೈಯೆತ್ತಿದರು. ಅಲ್ಲಿ ಕೂಗಿದ್ದು ಕೇಳಿತ್ತು, ಖಂಡಿತ.

“ಗೊಟ್‌ಫ್ರೀಡ್,” ಅಂದಳು ಬುರ್ಗಾ.

ಎಲ್ಲರೂ ಕತ್ತು ತಿರುಗಿಸಿ ಹುಡುಕಿದರು. ಗೊಟ್‌ಫ್ರೀಡ್ ಇರಲಿಲ್ಲ. ಹಾಗಾದರೆ ಹದಿನಾಲ್ಕನೆಯವನು ಯಾರು? ನನ್ನ ಕಣ್ಣು ಬೂದು ಹೆಲ್ಮೆಟ್ಟಿನ ಮೇಲೆ ಬಿತ್ತು. ಮೂರು ಕಿಲೋಮೀಟರ್‌ಗೂ ಹೆಚ್ಚು ದೂರ ನಾನು ನೋಡಿದ್ದು ಅವನ ಬೆನ್ನನ್ನು. ಈಗ ಮೊದಲ ಸಲ ಮುಖ ನೋಡಿದೆ. ನಲವತ್ತರ ಆಸುಪಾಸಿನ, ಪರಿಚಯವೇ ಇಲ್ಲದ ಮುಖ.

“ನೀವು ಯಾರು?” ಅಂದೆ.

“ಯೋಸ್ಟ್ ವೆಂಡ್ಲಿಂಗ್,” ಅಂದ ಅವನು. “ಮೂರು ವಾರದ ಹಿಂದೆ ಬ್ರೇಮನ್‌ನಿಂದ ಬಂದೆ.”

“ನಮ್ಮ ಜೊತೆ ಯಾಕೆ ಬರ್ತಿದ್ದೀರಿ?”

“ನೀವೇ ಅಂದ್ರಲ್ಲ, ನಡೀ ನಡೀ, ಸಂದು ಬಿಡಬೇಡ ಅಂತ. ಹಳದಿ ಜಾಕೆಟ್ ಬೇರೆ ಇತ್ತು. ಮುಂದೆ ರಸ್ತೆ ಕೆಲಸ ಏನೋ ನಡೀತಿದೆ, ಸುತ್ತಿ ಕಳಿಸ್ತಿದ್ದಾರೆ ಅಂದ್ಕೊಂಡೆ.”

“ಮೂರು ಕಿಲೋಮೀಟರ್ ಸುತ್ತಾ?”

“ಒಂದು ಕಿಲೋಮೀಟರ್ ಆದ್ಮೇಲೆ ಅನುಮಾನ ಬಂತು,” ಎಂದು ಒಪ್ಪಿಕೊಂಡ. “ಆದ್ರೆ ಹನ್ನೊಂದೂಕಾಲಕ್ಕೆ ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕಿತ್ತು. ದವಡೆ ಹಲ್ಲು. ನೀವು ಕರ್ಕೊಂಡು ಹೋಗ್ತಿದ್ದ ದಿಕ್ಕು ಅದಕ್ಕಿಂತ ಚೆನ್ನಾಗಿತ್ತು.”

ಜನ ನಕ್ಕರು. ಕೊರ್ನೆಲಿಯಾ ಕೈಯಲ್ಲಿದ್ದ ಯಂತ್ರವನ್ನು ನೋಡಿ, ಯೋಸ್ಟ್‌ನನ್ನು ನೋಡಿ, ನನ್ನನ್ನು ನೋಡಿದಳು. ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಗೊಟ್‌ಫ್ರೀಡ್ ಮೊಬೈಲ್ ಇಟ್ಟುಕೊಳ್ಳುವವನಲ್ಲ. ಆದರೆ ಸಂಘದ ನಿಯಮವೊಂದಿದೆ. ತಪ್ಪಿಸಿಕೊಂಡವರು ಇದ್ದಲ್ಲೇ ಇರಬೇಕು, ಹುಡುಕಿಕೊಂಡು ಬರುವುದು ಉಳಿದವರ ಕೆಲಸ. ಅವನು ಮಾಕ್ಸ್ ಯೋಸೆಫ್‌ಗೂ ಕೆನಡಿಗೂ ನಡುವೆ ಎಲ್ಲೋ ಇರಬೇಕು ಎಂದು ಬುರ್ಗಾ ಹೇಳಿದಳು. ಉಳಿದವರನ್ನು ಸೇತುವೆಯ ನೆರಳಿನಲ್ಲಿ ಬಿಟ್ಟು, ಅವಳೂ ನಾನೂ ಕೊರ್ನೆಲಿಯಾಳೂ ಹಿಂದಕ್ಕೆ ಹೊರಟೆವು. ಎಪ್ಪತ್ನಾಲ್ಕರ ಹೆಂಗಸು ಹೊಡೆದ ವೇಗಕ್ಕೆ ನನಗೆ ಏದುಸಿರು ಬಂತು.

ಕೊರ್ನೆಲಿಯಾ ಅವಳ ಪಕ್ಕಕ್ಕೆ ಬಂದು ಕೇಳಿದಳು: “ಯಾರಿಲ್ಲ ಅಂತ ಗೊತ್ತಿಲ್ದೆ, ಒಬ್ಬರಿಲ್ಲ ಅಂತ ಹೇಗೆ ಗೊತ್ತಾಯ್ತು?”

“ಏನೋ ಕಡಿಮೆ ಅನ್ನಿಸ್ತು. ನಿಶ್ಶಬ್ದ ಜಾಸ್ತಿ ಇತ್ತು.”

“ಹಾಗನ್ನಿಸಿದ್ರೂ ಸುಮ್ಮನಿರಬಹುದಿತ್ತಲ್ಲ. ನಾನೇ ಹದಿನಾಲ್ಕು ಅಂದಿದ್ದೆ.”

“ಇರಬಹುದಿತ್ತು,” ಅಂದಳು ಬುರ್ಗಾ. “ಆಮೇಲೆ ಬಿಯರ್ ಇಳೀತಿರ್ಲಿಲ್ಲ. ಒಂದು ಮಾತು ಹೇಳ್ತೀನಿ, ಬರ್ಕೋ. ಏಪ್ರಿಲ್‌ನಲ್ಲಿ ತಪ್ಪು ಕವಲು ಹಿಡಿದಾಗ ನನಗೆ ಏನೂ ಅನ್ನಿಸಿರ್ಲಿಲ್ಲ. ಇವತ್ತು ಕೂಡ ಮೂರು ಕಿಲೋಮೀಟರ್ ತಡವಾಗಿ ಅನ್ನಿಸ್ತು.”

ಮಾಕ್ಸ್ ಯೋಸೆಫ್ ಸೇತುವೆಗೆ ಮುನ್ನೂರು ಮೀಟರ್ ಈಚೆ, ಬೆಂಚಿನ ಮೇಲೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಗೊಟ್‌ಫ್ರೀಡ್ ಕೂತಿದ್ದ. ತನ್ನ ಬ್ರೆಡ್ಡು, ಸಾಸೇಜು ತಿಂದು ಮುಗಿಸಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟಿದ್ದ. ಗಡಿಯಾರ ನೋಡಿಕೊಂಡ.

“ಮೂವತ್ತೆಂಟು ನಿಮಿಷ ತಡ,” ಅಂದ. “ನನ್ನ ಕಾಲದಲ್ಲಿ ಇದಕ್ಕೆ ಲಿಖಿತ ಕಾರಣ ಕೊಡ್ಬೇಕಿತ್ತು.”

“ಸಾಲು ಬಿಟ್ಟು ಎಲ್ಲಿಗೆ ಹೋಗಿದ್ದೆ?” ಅಂದೆ ನಾನು.

“ಪೊದೆ ಹಿಂದೆ.”

“ಬಾಲಕ್ಕೆ ಹೇಳಿ ಹೋಗ್ಬೇಕು ಅಂತ ನಿಯಮ ಇದೆ.”

“ಎಪ್ಪತ್ತಾರು ವರ್ಷದ ಗಂಡಸು ಅದಕ್ಕೆಲ್ಲ ಅರ್ಜಿ ಹಾಕಲ್ಲ, ಎಗೋನ್. ಸೈಕಲ್ಲನ್ನೂ ಒಳಗೆ ತಗೊಂಡು ಹೋದೆ, ಕಳ್ಳರು ಜಾಸ್ತಿ. ಬಂದು ನೋಡಿದ್ರೆ ನೀನು ದೂರದಲ್ಲಿ ಯಾರಿಗೋ ಕೈ ಬೀಸ್ತಾ ಇದ್ದೆ. ನನಗೇನೋ ಅಂತ ನಾನೂ ಬೀಸ್ದೆ.”

ಬುರ್ಗಾ ಮೊದಲು ನಕ್ಕಳು. ಸೈಕಲ್ಲಿನ ಹ್ಯಾಂಡಲ್ ಮೇಲೆ ತಲೆ ಇಟ್ಟು ನಕ್ಕಳು. ಕೊರ್ನೆಲಿಯಾ ಬೇರೆ ಕಡೆ ತಿರುಗಿಕೊಂಡಳು, ಆದರೆ ಭುಜ ಅಲುಗುತ್ತಿತ್ತು.

ಬಿಯರ್ ಗಾರ್ಡನ್ ಮುಟ್ಟಿದಾಗ ಹನ್ನೆರಡು ಇಪ್ಪತ್ತು. ಹದಿನೈದು ಜನ. ಚೆಸ್ಟ್‌ನಟ್ ಮರದಡಿಯ ಉದ್ದ ಮೇಜಿನ ಮೇಲೆ ಎಲ್ಲರೂ ಮನೆಯಿಂದ ತಂದದ್ದನ್ನು ಬಿಚ್ಚಿದೆವು. ಉಪ್ಪು ಹಚ್ಚಿದ ಮೂಲಂಗಿ, ಚೀಸ್, ಸೌತೆಕಾಯಿ. ಯೋಸ್ಟ್ ಬರಿಗೈಯಲ್ಲಿ ಬಂದಿದ್ದರಿಂದ ಎಲ್ಲರಿಗೂ ಪ್ರೆಟ್ಸೆಲ್ ಎಂಬ ಉಪ್ಪು ಬ್ರೆಡ್ಡು ಕೊಂಡು ತಂದ. ತಾನು ಮಾತ್ರ ಎಡಗಡೆಯಲ್ಲೇ ಅಗಿಯುತ್ತಿದ್ದ. ಅರ್ಧ ಬಿಯರ್ರು, ಅರ್ಧ ನಿಂಬೆ ಸೋಡಾ ಬೆರೆಸಿದ ಗ್ಲಾಸುಗಳು ಬಂದವು.

ಕೊರ್ನೆಲಿಯಾ ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಮಾತು ತಗ್ಗಿತು. ಬುರ್ಗಾ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ, ಆದರೆ ಹೋಳುಗಳು ಬರಬರುತ್ತ ದಪ್ಪವಾದವು.

“‘ವಿಳಂಬ’ ಅಂತ ಒಂದು ಕಲಂ ಇದೆ,” ಅಂದಳು ಕೊರ್ನೆಲಿಯಾ. “ಐವತ್ತು ನಿಮಿಷ. ಬರೀಲೇಬೇಕು.”

“ಬರಿ,” ಅಂದಳು ಬುರ್ಗಾ.

“ಕಾರಣ?”

“ಆದದ್ದನ್ನೇ ಬರಿ.”

ಕೊರ್ನೆಲಿಯಾ ಬಹಳ ಹೊತ್ತು ಬರೆದಳು. ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋದಳು. ಕೊನೆಗೆ ಓದಿ ಹೇಳಿದಳು: “‘ತಂಡದಲ್ಲಿ ಒಬ್ಬರಿಲ್ಲ ಎಂದು ಗುರುತಿಸಿದ್ದು ನಾಯಕಿ ಮಾತ್ರ. ಪರಿಶೀಲಕಿ ಎರಡು ಸಲ ತಪ್ಪಾಗಿ ಎಣಿಸಿದ್ದಾಳೆ. ನಾಯಕಿಯನ್ನು ಮುಂದುವರಿಸಬೇಕು. ಪ್ರತಿ ನಿಲುಗಡೆಯಲ್ಲೂ ಸಂಖ್ಯೆಯ ಬದಲು ಹೆಸರು ಕರೆಯಬೇಕು. ಬಾಲವನ್ನು ಬದಲಾಯಿಸಬೇಕು.’”

“ಎರಡು ಸಲ ಅಲ್ಲ, ಮೂರು ಸಲ,” ಅಂದ ಗೊಟ್‌ಫ್ರೀಡ್. “ಕೆನಡಿಯಲ್ಲಿ ಒಂದು, ಮರದ ಸೇತುವೆಯಲ್ಲಿ ಎರಡು.” ಅವನು ಅಲ್ಲಿ ಇರಲೇ ಇಲ್ಲ, ಆದರೆ ಲೆಕ್ಕ ಸರಿಯಿತ್ತು. ಕೊರ್ನೆಲಿಯಾ ತಿದ್ದಿಕೊಂಡಳು.

ಬುರ್ಗಾ ಮೂಲಂಗಿಯ ತಟ್ಟೆಯನ್ನು ಅವಳ ಕಡೆಗೆ ತಳ್ಳಿದಳು. “ಮುಂದಿನ ಬುಧವಾರ ಫ್ರೈಜಿಂಗ್. ನಲವತ್ತು ಕಿಲೋಮೀಟರ್. ಬರ್ತೀಯಾ?”

“ನನ್ನ ವರದಿ ಮುಗೀತಲ್ಲ.”

“ಅದಕ್ಕೇ ಕೇಳಿದ್ದು.”

ಕೊರ್ನೆಲಿಯಾ ಒಂದು ಹೋಳು ಬಾಯಿಗಿಟ್ಟು, ಖಾರಕ್ಕೆ ಕಣ್ಣು ಮುಚ್ಚಿ, ತಲೆಯಾಡಿಸಿದಳು. ಬರುತ್ತೇನೆ ಎಂದೋ ಖಾರ ಎಂದೋ ತಿಳಿಯಲಿಲ್ಲ. ಬುರ್ಗಾ ಬರುತ್ತೇನೆ ಎಂದೇ ತೆಗೆದುಕೊಂಡು, ಎಷ್ಟು ಹೊತ್ತಿಗೆ, ಯಾವ ಸೇತುವೆ, ಹಿಂತಿರುಗಲು ಯಾವ ರೈಲು ಎಂದು ಹೇಳತೊಡಗಿದಳು.