ಹತ್ತು ನಿಮಿಷ ಮುಂದಿದ್ದ ಕ್ರೇನು

ಭದ್ರಾವತಿಗೆ ಹೋಗಬೇಕು ಅಂದರೆ ಇರಂಗೆ ಹಿಂದಿನ ದಿನದಿಂದಲೇ ಸುಸ್ತು. ದೂರವೇನೂ ಅಲ್ಲ. ಆದರೆ ಶಿವಮೊಗ್ಗದ ಗೋಪಾಳದ ಮನೆಯಿಂದ ಬಸ್‌ಸ್ಟ್ಯಾಂಡಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು, ಎರಡರಲ್ಲೂ ಕೂರಲು ಜಾಗವಿಲ್ಲ. ವಿನೋಬನಗರದಲ್ಲಿ ಅವಳು ಕೆಲಸಕ್ಕಿದ್ದ ಕಂಪ್ಯೂಟರ್ ರಿಪೇರಿ ಕಂಪನಿಯಲ್ಲಿ ಮಾಲೀಕರನ್ನು ಬಿಟ್ಟರೆ ಇದ್ದವರು ಇಬ್ಬರು. ಆ ಇನ್ನೊಬ್ಬ ತಂಗಿಯ ಮದುವೆ ಅಂತ ಹೋದವನು ಮದುವೆ ಮುಗಿದು ತಂಗಿ ತವರಿಗೆ ವಾಪಸು ಬಂದರೂ ತಾನು ಬಂದಿರಲಿಲ್ಲ. ಹಾಗಾಗಿ ಜಿಲ್ಲೆಯ ಯಾವ ಮೂಲೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಓಡಬೇಕಾದವಳು ಇವಳೇ.

ಇವತ್ತಿನದು ರಿಪೇರಿಯೂ ಅಲ್ಲ. ಕಾಗದನಗರದ ಆಚೆ ಕಬ್ಬಿಣದ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿ. ಅಲ್ಲಿ ಕ್ರೇನ್ ನಡೆಸುವ ಲಿನಕ್ಸ್ ಕಂಪ್ಯೂಟರ್ ಪ್ರತಿಯೊಂದು ಭಾರ ಎತ್ತಿದ್ದನ್ನೂ, ನಿಲ್ಲಿಸಿದ್ದನ್ನೂ ಸಮಯದ ಸಮೇತ ಬರೆದಿಡುತ್ತಿತ್ತು. ಮ್ಯಾನೇಜರ್ ವಿಜಯೇಂದ್ರ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಆ ದಿನದ ರೆಕಾರ್ಡ್ ತೆಗೀರಿ, ಸರಿ ಇದೆ ಅಂತ ಒಂದು ಸಹಿ ಹಾಕಿ, ಹೊರಡಿ. ಮೂರು ಗಂಟೆಗೆ ವಿಚಾರಣೆ ಇದೆ."

ಆ ದಿನ ಎಂದರೆ ಕೆಲಸಗಾರ ಭೂತಪ್ಪನ ಕಾಲಿನ ಮೇಲೆ ಕ್ರೇನಿನಿಂದ ಎರಕದ ಅಚ್ಚು ಬಿದ್ದ ದಿನ. ಅಲ್ಲಿದ್ದದ್ದು ಬೆಳಗಿನ ಪಾಳಿ ಒಂದೇ, ಅದು ಮುಗಿಯುವುದು ಎರಡಕ್ಕೆ. ಕ್ರೇನನ್ನು ತುರ್ತಾಗಿ ನಿಲ್ಲಿಸಿದ್ದು ಎರಡು ಗಂಟೆ ಏಳು ನಿಮಿಷಕ್ಕೆ ಎಂದು ಕಂಪ್ಯೂಟರ್ ಬರೆದಿತ್ತು. ಪಾಳಿ ಮುಗಿದ ಮೇಲೆ ಅಲ್ಲೇನು ಕೆಲಸ? ಕಬ್ಬಿಣದ ಚೂರು ಕದ್ದು ಗುಜರಿಗೆ ಹಾಕಲು ನಿಂತಿದ್ದ ಅಂತ ಯಾರೋ ಅಂದರು. ಒಬ್ಬರು ಅಂದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಿದ್ದ ಸಂಗತಿಯಾಯಿತು. ಜೊತೆಯವರು ಇನ್ನೂ ಎರಡಾಗಿರಲಿಲ್ಲ ಎಂದು ಬಡಕೊಂಡರು. ಜೊತೆಯವರು ಇನ್ನೇನು ಹೇಳುತ್ತಾರೆ ಎಂದು ವಿಜಯೇಂದ್ರ ಆ ಮಾತನ್ನು ಪಕ್ಕಕ್ಕಿಟ್ಟ. ವಿಚಾರಣೆಯಲ್ಲೂ ಅದೇ ತೀರ್ಮಾನವಾದರೆ ಭೂತಪ್ಪನ ಕೆಲಸ ಹೋಗುತ್ತಿತ್ತು, ಅದರ ಜೊತೆಗೆ ಅವನ ಮರ್ಯಾದೆಯೂ.

ಆಫೀಸಿನ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಜರಿ ಬರೆಯುವ ಟೈಮ್ ಆಫೀಸಿನ ಶಿವಯೋಗಪ್ಪ ತಗ್ಗಿದ ದನಿಯಲ್ಲಿ ಹೇಳಿದರು: "ಕಲ್ಲಮ್ಮ ಅಂತ. ಭೂತಪ್ಪನ ಹೆಂಡ್ತಿ. ಬೆಳಿಗ್ಗೆಯಿಂದ ಹಿಂಗೇ ಕೂತವ್ಳೆ. ಊಟ ಮಾಡು ಮಾರಾಯ್ತಿ ಅಂದ್ರೂ ಕೇಳಲ್ಲ."

ಇರಂ ಒಳಗೆ ಹೋಗಿ ಕಪ್ಪು ಪರದೆಯ ಮುಂದೆ ಕೂತಳು. ಗ್ರೆಪ್ ಎಂದು ಬರೆದು ಮುಂದೊಂದು ಪದ ಕೊಟ್ಟರೆ, ಸಾವಿರಾರು ಸಾಲುಗಳಲ್ಲಿ ಆ ಪದವಿರುವ ಸಾಲುಗಳನ್ನಷ್ಟೇ ಅದು ಆರಿಸಿಕೊಡುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಸ್ಟಾಪ್ ಎಂಬ ಪದ ಕೊಟ್ಟಳು. ಆ ತಾರೀಕಿನ ಸಾಲು ಬಂತು. ಎರಡು ಏಳು. ಅಲ್ಲಿಗೆ ಕೆಲಸ ಮುಗಿಯಿತು. ಈಗಲೇ ಹೊರಟರೆ ಮಧ್ಯಾಹ್ನದ ಬಸ್ಸಿನಲ್ಲಿ ಸೀಟಾದರೂ ಸಿಗುತ್ತದೆ.

ಸಹಿ ಹಾಕುವ ಮುನ್ನ ಹಿಂದಿನ ಮುಂದಿನ ಸಾಲುಗಳನ್ನು ನೋಡುವುದು ಅವಳಿಗೆ ಅಂಟಿದ ರೋಗ. ನೋಡಿದಳು. ಎರಡು ಗಂಟೆ ದಾಟಿದರೂ ಕ್ರೇನ್ ಒಂದರ ಹಿಂದೊಂದು ಭಾರ ಎತ್ತುತ್ತಲೇ ಇತ್ತು. ಪಾಳಿ ಮುಗಿದ ಮೇಲೆ ಎತ್ತುತ್ತಿದ್ದವರು ಯಾರು? ಕದಿಯುವವನು ಕ್ರೇನ್ ಹಚ್ಚಿಕೊಂಡು ಕದಿಯುತ್ತಾನೆಯೇ? ಬೇರೆ ದಿನಗಳನ್ನೂ ಹುಡುಕಿದಳು. ಎಲ್ಲ ದಿನವೂ ಹಾಗೇ. ಎರಡಕ್ಕೆ ಸರಿಯಾಗಿ ಕ್ರೇನ್ ನಿಂತ ದಿನವೇ ಇಲ್ಲ. ಒಂದು ದಿನ ಐದು ನಿಮಿಷ ಹೆಚ್ಚು, ಇನ್ನೊಂದು ದಿನ ಎಂಟು. ದಿನಾ ಇಷ್ಟಿಷ್ಟು ಹೊತ್ತು ಪುಕ್ಕಟೆ ದುಡಿಯುವ ಜನರನ್ನು ಅವಳು ಇದುವರೆಗೆ ಯಾವ ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಕಂಪ್ಯೂಟರಿನ ಗಡಿಯಾರ ನೋಡಿದಳು. ಸರಿಯಾಗಿಯೇ ಇತ್ತು. ಅವಳ ಕೈಗಡಿಯಾರಕ್ಕೂ, ಕ್ಯಾಂಟೀನಿನ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿಯವರು ಹೇಳಿದ ಸಮಯಕ್ಕೂ ಹೊಂದುತ್ತಿತ್ತು. ಕಿಟಕಿಯಾಚೆ ಕಲ್ಲಮ್ಮ ಬುತ್ತಿಯ ಗಂಟನ್ನು ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಕಟ್ಟಿದಳು. ಇರಂಗೆ ಸಿಟ್ಟು ಬಂತು. ಆ ಹೆಂಗಸಿನ ಮೇಲಲ್ಲ, ಸಹಿ ಹಾಕಿ ಸುಮ್ಮನೆ ಹೋಗಲಾರದ ತನ್ನ ಮೇಲೆ. ಚಪ್ಪಲಿ ಬಿಟ್ಟು, ಕಾಲು ಮಡಚಿ, ಕುರ್ಚಿಯಲ್ಲಿ ಮತ್ತೆ ಕೂತಳು.

ಎಸ್‌ಟ್ರೇಸ್ ಎಂದು ಇನ್ನೊಂದು ಆಜ್ಞೆಯಿದೆ. ಓಡುತ್ತಿರುವ ಪ್ರೋಗ್ರಾಮಿನ ಬೆನ್ನ ಹಿಂದೆ ನಿಂತು, ಅದು ಏನು ಓದುತ್ತಿದೆ, ಏನು ಬರೆಯುತ್ತಿದೆ ಎಂದು ತೋರಿಸುತ್ತದೆ. ಕ್ರೇನಿನ ಪ್ರೋಗ್ರಾಮಿಗೆ ಅದನ್ನು ಹಚ್ಚಿ ಕಾದಳು. ಶೆಡ್ಡಿನಲ್ಲಿ ಕ್ರೇನ್ ಗುಡುಗುಟ್ಟಿತು, ಪರದೆಯ ಮೇಲೆ ಒಂದು ಸಾಲು ಮೂಡಿತು. ಎಡಗಡೆ, ಬರೆದ ಕ್ಷಣದ ನಿಜವಾದ ಸಮಯ: ಹನ್ನೆರಡು ನಲವತ್ತೊಂದು. ಬಲಗಡೆ, ಪ್ರೋಗ್ರಾಮು ಬರೆದ ಸಮಯ: ಹನ್ನೆರಡು ಐವತ್ತೊಂದು. ಇನ್ನೊಂದು ಭಾರ ಎತ್ತಿದರು. ಮತ್ತೆ ಅದೇ ಹತ್ತು ನಿಮಿಷ. ಪ್ರೋಗ್ರಾಮನ್ನು ಶುರು ಮಾಡುವ ಕಡತಗಳಲ್ಲಿ ಹುಡುಕಿದಾಗ ಸಿಕ್ಕಿಯೇ ಬಿಟ್ಟಿತು: ಇದೊಂದಕ್ಕೆ ಮಾತ್ರ ಸಮಯ ಹತ್ತು ನಿಮಿಷ ಮುಂದೆ ಇರಲಿ ಎಂದು ಯಾರೋ ಬೇಕೆಂದೇ ಬರೆದಿದ್ದ ಒಂದು ಸಾಲು.

"ಶಿವಯೋಗಪ್ಪನೋರೆ, ಕ್ರೇನಿನ ಟೈಮ್ ಹತ್ತು ನಿಮಿಷ ಮುಂದೆ ಇಡಿಸಿದ್ದು ಯಾರು?"

"ನಾನೇ ತಾಯಿ," ಎಂದರು ಅವರು, ಅದರಲ್ಲೇನು ವಿಶೇಷ ಎನ್ನುವ ಹಾಗೆ. "ಕ್ರೇನಿನ ಕ್ಯಾಬಿನ್ನಲ್ಲಿ ಒಂದು ಚಿಕ್ಕ ಗಡಿಯಾರ ಕಾಣುತ್ತಲ್ಲ, ಅದು. ಮಿಷನ್ ಕೂರ್ಸಕ್ಕೆ ಬಂದಿದ್ದೋರಿಗೆ ಹೇಳಿ ಇಡ್ಸಿದ್ದೆ. ಎಲ್ಲರ ಮನೇಲೂ ಹಂಗೇ ಅಲ್ವಾ ಇರೋದು?"

ಎಲ್ಲರ ಮನೆ ಎಂದರೆ ಕಾಗದನಗರದ ಕ್ವಾರ್ಟರ್ಸ್. ಶಿವಯೋಗಪ್ಪ ಅಲ್ಲೇ ಹುಟ್ಟಿ ಬೆಳೆದವರು. ಪಾಳಿ ತಪ್ಪಬಾರದೆಂದು ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು ಅವರ ಬೀದಿಯವರಿಗೆಲ್ಲ ರೂಢಿ. ಮುಳ್ಳು ನೋಡುವ ಕಣ್ಣೇ ಹತ್ತು ಕಳೆದುಬಿಡುತ್ತದೆ, ತಲೆಗೆ ಕೆಲಸವೇ ಇಲ್ಲ. ಹೊಸದಾಗಿ ಬಂದ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾಗುವ ಮೊದಲು ಇದು ಗೊತ್ತಾಗುತ್ತದೆ. ದಾವಣಗೆರೆಯಿಂದ ಬಂದ ವಿಜಯೇಂದ್ರನಿಗೆ ಮಾತ್ರ ಗೊತ್ತಾಗುವ ದಾರಿಯಿರಲಿಲ್ಲ.

"ಆ ಗಡಿಯಾರ ನಡೆಸೋ ಪ್ರೋಗ್ರಾಮೇ ಈ ರೆಕಾರ್ಡನ್ನೂ ಬರೆಯೋದು," ಎಂದಳು ಇರಂ. "ಅವರು ನಿಮಗೆ ಗಡಿಯಾರ ಒಂದನ್ನೇ ಮುಂದಿಟ್ಟು ಹೋಗಲಿಲ್ಲ. ಎಲ್ಲಾನೂ ಮುಂದಿಟ್ಟು ಹೋದ್ರು."

ಶಿವಯೋಗಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿಟಕಿಯಾಚೆ ಕೂತಿದ್ದ ಕಲ್ಲಮ್ಮನ ಕಡೆ ನೋಡಿದರು. "ಅಯ್ಯೋ... ಕಂಪ್ಯೂಟ್ರೇ ಬರ್ದೈತಲ್ಲ, ನಾನೇನ್ ಮಾಡ್ಲಿ ಅಂತ ಆವಮ್ಮಂಗೆ ನಾನೇ ಹೇಳಿ ಕಳಿಸಿದ್ನಲ್ಲ ತಾಯಿ."

ಅವರನ್ನು ಸಮಾಧಾನ ಮಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ವಿಜಯೇಂದ್ರನನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದಳು. ಕ್ರೇನ್ ಇನ್ನೊಂದು ಭಾರ ಎತ್ತುವವರೆಗೂ ಅವನು ಎರಡೂ ಕೈ ಕಟ್ಟಿಕೊಂಡು ನಿಂತಿದ್ದ. ಎಡಗಡೆ ಬಲಗಡೆ ಎರಡನ್ನೂ ಓದಿ, "ಛೆ" ಎಂದ. ಆಮೇಲೆ, "ಇದನ್ನೇ ಬರೆದುಕೊಡಿ," ಎಂದ. ಕೆಟ್ಟವನೇನಲ್ಲ, ಬೇಗ ಮುಗಿದರೆ ಸಾಕು ಅನ್ನುವವನು. ವಿಚಾರಣೆ ಬಹಳ ಹೊತ್ತು ನಡೆಯಲಿಲ್ಲ. ಅಪಘಾತ ಆದದ್ದು ಎರಡಕ್ಕೆ ಮೂರು ನಿಮಿಷ ಇರುವಾಗ, ಭೂತಪ್ಪ ಕೆಲಸದ ಮೇಲಿದ್ದ, ಚಿಕಿತ್ಸೆಯ ಖರ್ಚು ಫೌಂಡ್ರಿಯದು, ಕೆಲಸ ಅವನದೇ ಎಂದು ಒಪ್ಪಿಕೊಂಡರು. ಕದಿಯಲು ನಿಂತಿದ್ದ ಎಂಬ ಮಾತನ್ನು ಹುಟ್ಟಿಸಿದವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕೂತವಳು ಕಲ್ಲಮ್ಮ. ಭೂತಪ್ಪ ಇದ್ದದ್ದು ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ. ಬುತ್ತಿ ಇನ್ನೂ ಮಡಿಲಲ್ಲೇ ಇತ್ತು. ಖುಷಿಯಾಗಿರಬೇಕಾದ ಹೆಂಗಸು ಹೊಳೆಯ ಸೇತುವೆ ದಾಟುವವರೆಗೂ ಬುತ್ತಿಯ ಗಂಟನ್ನು ಬಿಗಿಯುತ್ತಲೇ ಇದ್ದಳು.

"ನಾನೂ ನಂಬ್ಲಿಲ್ಲ ಅಮ್ಮಾ," ಎಂದಳು ಆಮೇಲೆ. "ಎರಡಾಗಿರ್ಲಿಲ್ಲ ಕಣೇ ಅಂತ ಅವರು ಬಾಯಿಬಿಟ್ಟು ಹೇಳಿದ್ರು. ಕಂಪ್ಯೂಟ್ರು ಸುಳ್ಳು ಹೇಳ್ತದಾ, ಏನ್ ಕದಿಯಕ್ಕೆ ನಿಂತಿದ್ರಿ ಅಂತ ನಾನೇ ಕೇಳಿಬಿಟ್ಟೆ. ಕಾಲಿಗೆ ಪಟ್ಟಿ ಕಟ್ತಾ ಇದ್ರು, ಆಗ ಕೇಳ್ದೆ. ಆವತ್ತು ಗೋಡೆ ಕಡೆ ತಿರುಗಿದೋರು, ಇವತ್ತಿಗೂ ನನ್ನ ಹತ್ರ ಮಾತಿಲ್ಲ."

ಇರಂ ಚೀಲದಿಂದ ವರದಿಯ ಇನ್ನೊಂದು ಪ್ರತಿ ತೆಗೆದಳು. "ಇದನ್ನ ತೋರಿಸಿ ಅವರಿಗೆ."

"ಬ್ಯಾಡಮ್ಮಾ. ಕಾಗದ ನಂಬಿದ್ದು ಸಾಕು." ಬಸ್ಸು ಶಿವಮೊಗ್ಗ ಸೇರಿದಾಗ, "ಒಳಗಡೆ ತನಕ ಬರ್ತೀರಾ? ಒಬ್ಳೇ ಹೋಗಕ್ಕೆ ಕಾಲೇ ಬರ್ತಿಲ್ಲ," ಎಂದಳು.

ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಾಳೆ, ಸೊಂಟ ಬಿದ್ದುಹೋಗಿದೆ, ಕಣ್ಣು ಉರಿಯುತ್ತಿದೆ. ಇರಂ ಅವಳ ಹಿಂದೆಯೇ ಇಳಿದಳು.

ವಾರ್ಡಿನ ಕೊನೆಯ ಮಂಚದಲ್ಲಿ ಭೂತಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಲ್ಲಮ್ಮ ಸ್ಟೂಲಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ ಒಣಗಿ ಸೆಟೆದುಕೊಂಡಿತ್ತು. ದಾರಿಯುದ್ದಕ್ಕೂ ಏನೇನು ಜೋಡಿಸಿಕೊಂಡು ಬಂದಿದ್ದಳೋ, ಬಾಯಿಗೆ ಬಂದದ್ದು ಒಂದೇ ಮಾತು.

"ರೀ, ಎರಡಕ್ಕೆ ಇನ್ನೂ ಮೂರು ನಿಮಿಷ ಇತ್ತಂತೆ."

ತಾನಿನ್ನು ಹೊರಡುವುದು ಒಳ್ಳೆಯದು ಎಂದು ಇರಂ ತಿರುಗಿದಾಗ ಅವನ ದನಿ ಕೇಳಿತು. ಸಿಟ್ಟಿರಲಿಲ್ಲ ಅದರಲ್ಲಿ, ದಣಿವಿತ್ತು.

"ನಾನೂ ಅದನ್ನೇ ಅಲ್ವೇನೇ ಹೇಳಿದ್ದು?"