ಹೆಲ್ಮೆಟ್ಟಿನೊಳಗಿನ ಮುಖ

ಶಶಿರೇಖಾ ಹುಟ್ಟುವ ಹೊತ್ತಿಗೆ ಅವಳ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಸೂಲಿಬೆಲೆಯ ವೆಂಕಟರಾಯಪ್ಪನವರ ಕಿರಿಮಗ, ಫ್ಲೈಯಿಂಗ್ ಆಫೀಸರ್ ಕೆಂಪರಾಜು, ಎಪ್ಪತ್ತೊಂದರ ಯುದ್ಧದಲ್ಲಿ ಹಂಟರ್ ವಿಮಾನ ಹತ್ತಿ ಪಶ್ಚಿಮದ ಗಡಿ ದಾಟಿ ಹೋದವರು ತಿರುಗಿ ಬರಲಿಲ್ಲ. ವಿಮಾನವೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇಲ್ಲದ ಸಾವು ಎಂದು ಊರವರು ಆಡಿಕೊಂಡರು. ಅವ್ವ ಮುನಿತಾಯಮ್ಮ ಹೊಟ್ಟೆಯಲ್ಲಿದ್ದ ಮಗುವನ್ನು ಹೊತ್ತು ದೇವನಹಳ್ಳಿಯ ತವರಿಗೆ ಬಂದವಳು ಅಲ್ಲೇ ಉಳಿದಳು.

ಈಗ ಆ ಅವ್ವನೂ ಇಲ್ಲ. ಶಶಿರೇಖಾಗೆ ಐವತ್ತನಾಲ್ಕು. ಮದುವೆಯ ಮಾತು ಬಂದಾಗಲೆಲ್ಲ ಅವ್ವನನ್ನು ಒಂಟಿ ಬಿಟ್ಟು ಹೋಗುವುದು ಹೇಗೆ ಎಂದು ಮುಂದೂಡುತ್ತ ಬಂದಿದ್ದಳು; ಒಂದು ದಿನ ನೋಡಿದರೆ ಕೇಳುವವರೇ ಇರಲಿಲ್ಲ. ಕೋಟೆಯೊಳಗೆ ಮಹಡಿ ಮೇಲಿನ ಮನೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಸೂಜಿ ಕಂಡ ಕೂಡಲೇ ಜನ ತೋಳು ಚಾಚಿ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ದಿನಕ್ಕೆ ಎಷ್ಟೋ ಮಂದಿಯನ್ನು ಮುಟ್ಟುತ್ತಿದ್ದಳು, ಅವಳ ಮುಖ ನೋಡಿದವರು ಕಡಿಮೆ.

ಹೀಗಿರುವಾಗ ಒಂದು ಸಂಜೆ ದೊಡ್ಡಬಳ್ಳಾಪುರದಿಂದ ಫೋನ್ ಬಂತು. ಅನೀಸ್ ಅಹಮದ್ ಎಂಬ ಚಿತ್ರಕಾರ. ಮೊದಲು ಮಗ್ಗದ ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದರಂತೆ. ಆ ಕೆಲಸ ಕಂಪ್ಯೂಟರಿಗೆ ಹೋದ ಮೇಲೆ, ಚಿಕ್ಕಂದಿನಿಂದ ಆಸೆಪಟ್ಟಿದ್ದ ವಿಮಾನಗಳನ್ನೇ ಬರೆಯುತ್ತ ಕೂತಿದ್ದರು. ನಿವೃತ್ತ ವಾಯುಪಡೆಯವರ ಸಂಘವೊಂದು ಯುದ್ಧದಲ್ಲಿ ಮಡಿದ ಈ ಸೀಮೆಯ ಪೈಲಟ್‌ಗಳ ಚಿತ್ರಗಳನ್ನು ಅವರಿಂದ ಬರೆಸುತ್ತಿತ್ತು.

"ವಿಮಾನ ಆಗೋಗಿದೆ ಮೇಡಂ. ಮೋಡಾನೂ ಆಯ್ತು. ನಿಮ್ಮ ಫಾದರ್ ಮುಖ ಒಂದೇ ಬಾಕಿ. ಒಳ್ಳೇ ಫೋಟೋ ಇದ್ರೆ ತಗೊಂಬನ್ನಿ."

ಭಾನುವಾರ ಅವಳು ಗೋಡೆಯ ಮೇಲಿದ್ದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಅನೀಸರ ಮನೆ ಮಗ್ಗಗಳ ಸದ್ದಿನ ಗಲ್ಲಿಯಲ್ಲಿತ್ತು. ಮಹಡಿಯ ಮೇಲೆ, ಆಳೆತ್ತರದ ಕ್ಯಾನ್ವಾಸಿನ ತುಂಬ ಒಂದು ಹಂಟರಿನ ಮುಂಭಾಗ. ಗಾಜಿನ ಗೂಡಿನೊಳಗೆ ಹೆಲ್ಮೆಟ್ಟು ಇತ್ತು. ಹೆಲ್ಮೆಟ್ಟಿನೊಳಗೆ ಬರೀ ಬಿಳಿ.

ಅನೀಸರು ಫೋಟೋವನ್ನು ಕಿಟಕಿಯ ಬಳಿ ಹಿಡಿದು ತುಂಬ ಹೊತ್ತು ನೋಡಿದರು. ಸಾವಿನ ನಂತರ ಯಾರೋ ಸ್ಟುಡಿಯೋದವರು ಚಿಕ್ಕದನ್ನು ದೊಡ್ಡದು ಮಾಡಿ, ತುಟಿಗೆ ಕೆಂಪು, ಕೆನ್ನೆಗೆ ಗುಲಾಬಿ ಬಳಿದುಕೊಟ್ಟಿದ್ದ ಪಟ ಅದು.

"ಬೇಜಾರು ಮಾಡ್ಕೋಬೇಡಿ ಮೇಡಂ. ಇದ್ರಲ್ಲಿ ಅವರಿಲ್ಲ. ಬರೀ ಬಣ್ಣ ಇದೆ," ಎಂದರು. ಸಂಘದವರು ಕೊಟ್ಟಿದ್ದ ಗುಂಪು ಫೋಟೋದಲ್ಲಿ ಮುಖಗಳು ರಾಗಿ ಕಾಳಿನಷ್ಟಿದ್ದವು.

ಐವತ್ತು ವರ್ಷ ತಾನು ಕೈಮುಗಿದದ್ದು ಸ್ಟುಡಿಯೋದವನ ಕುಂಚಕ್ಕೆ ಎಂದು ಶಶಿರೇಖಾಗೆ ತಿಳಿಯಿತು. ಫೋಟೋ ಸುತ್ತಿಕೊಂಡು ಹೊರಡಲು ಎದ್ದಳು. ಚಹಾ ತಂದ ಅನೀಸರ ಹೆಂಡತಿ ಖದೀಜಾ ಬಾಗಿಲಲ್ಲೇ ತಡೆದು ಕೇಳಿದರು, "ಅಕ್ಕಾ, ನೀವು ಯಾರ ಥರ ಇದ್ದೀರ? ಅಮ್ಮನ ಥರಾನಾ, ಅಪ್ಪನ ಥರಾನಾ?"

"ಅಪ್ಪನ ಮುಖಾನೇ ಕಿತ್ತಿಟ್ಟಂಗೈತೆ ಅಂತಿದ್ಲು ನಮ್ಮವ್ವ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅನೀಸರು ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ ಎಳೆದು ಹಾಕಿದರು.

ಅಲ್ಲಿಂದಾಚೆಗೆ ಪ್ರತಿ ಭಾನುವಾರ ಶಶಿರೇಖಾ ಆ ಕುರ್ಚಿಯಲ್ಲಿ ಕೂರತೊಡಗಿದಳು. ಮೊದಲ ದಿನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅನೀಸರು ಕಣ್ಣು ಕಿರಿದು ಮಾಡಿ ಅವಳ ಹುಬ್ಬು ನೋಡುವರು, ಕಾಗದಕ್ಕೆ ಬಾಗುವರು, ಮತ್ತೆ ನೋಡುವರು. ಮೂಗಿನ ಮೇಲಿದ್ದ ಚಿಕ್ಕ ಗಾಯದ ಗುರುತನ್ನು ಕೇಳಿದರು. ಎಡಗಣ್ಣು ಬಲಗಣ್ಣಿಗಿಂತ ಒಂಚೂರು ಕೆಳಗಿದೆ ಎಂದರು. ಅದು ಅವಳಿಗೇ ಗೊತ್ತಿರಲಿಲ್ಲ. ಆ ರಾತ್ರಿ ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡಳು, ಹೌದು, ಕೆಳಗಿತ್ತು. ಇದನ್ನು ಹೇಳಲು ಯಾರೂ ಇಲ್ಲವಲ್ಲ ಎನಿಸಿ ದೀಪ ಆರಿಸಿದಳು.

"ಹೆಂಗಿದ್ರು ಅವರು? ಏನಾದ್ರೂ ಹೇಳಿ. ಕೈಗೆ ಸುಲಭ ಆಗುತ್ತೆ," ಎನ್ನುತ್ತಿದ್ದರು ಅನೀಸರು.

ಅವಳಿಗೆ ಗೊತ್ತಿದ್ದದ್ದೇ ಸ್ವಲ್ಪ. ಅವ್ವ ಗಂಡನ ಜೊತೆ ಬಾಳಿದ್ದು ಎರಡು ರಜೆಯಷ್ಟು ಕಾಲ. "ಹುರಿಗಡಲೆ ಜೇಬಲ್ಲಿ ಇಟ್ಕೊಂಡಿರೋರಂತೆ. ಎಮ್ಮೆ ಅಂದ್ರೆ ಹೆದರೋರಂತೆ. ಕೊಟ್ಟಿಗೆ ಕಡೆ ಹೋಗೋಕೆ ಅವ್ವನ್ನೇ ಮುಂದೆ ಕಳಿಸೋರಂತೆ."

ಅನೀಸರು ಕುಂಚ ಕೆಳಗಿಟ್ಟು ನಕ್ಕುಬಿಟ್ಟರು. "ಇಂಥಾ ಮಿಷಿನ್ ಓಡಿಸೋರು ಎಮ್ಮೆಗೆ ಹೆದರ್ತಿದ್ರಾ!"

ಶಶಿರೇಖಾ ಕೂಡ ನಕ್ಕಳು. ಅಪ್ಪನ ವಿಷಯಕ್ಕೆ ನಕ್ಕದ್ದು ಅದೇ ಮೊದಲು. ಅವರ ಮನೆಯಲ್ಲಿ ಆ ವಿಷಯಕ್ಕೆ ಯಾರೂ ನಗುತ್ತಿರಲಿಲ್ಲ.

ಅವಳ ಮುಖದ ಸುಕ್ಕನ್ನು, ಜೋತ ಚರ್ಮವನ್ನು ಒಂದೊಂದಾಗಿ ಕಳೆಯುತ್ತ, ದವಡೆಗೆ ಗಂಡಸಿನ ಗಟ್ಟಿತನ ಕೊಡುತ್ತ ಅನೀಸರು ಕ್ಯಾನ್ವಾಸಿನ ಆ ಬಿಳಿಯನ್ನು ತುಂಬಿದರು. ಉಸಿರಿನ ಮಾಸ್ಕನ್ನು ಒಂದು ಬದಿಗೆ ಇಳಿಬಿಟ್ಟು, ಕಣ್ಣ ಮೇಲಿನ ಕಪ್ಪು ಗಾಜನ್ನು ಮೇಲೆತ್ತಿ ಬರೆದರು. ಮುಗಿದ ದಿನ ಪಕ್ಕಕ್ಕೆ ಸರಿದು, "ನೋಡಿ ಮೇಡಂ," ಎಂದರು.

ಶಶಿರೇಖಾ ಅಪ್ಪನನ್ನು ನೋಡಲು ಎದ್ದಳು. ಅಲ್ಲಿದ್ದದ್ದು ಒಬ್ಬ ಹುಡುಗ.

ಇಪ್ಪತ್ತೈದರ ಹುಡುಗ. ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಲ್ಯಾಬಿಗೆ ಮೆಡಿಕಲ್ ಸರ್ಟಿಫಿಕೇಟಿಗೆಂದು ಬರುವ, ಕೆಲಸಕ್ಕೆ ಸೇರುವ ಆತುರದ ಹುಡುಗರ ವಯಸ್ಸು. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಅಪ್ಪನೆಂದರೆ ತನಗಿಂತ ದೊಡ್ಡವರು, ಎಂದಾದರೂ ಬಂದರೆ ತಲೆ ಸವರುವವರು. ಈ ಹುಡುಗನ ತಲೆಯನ್ನು ತಾನೇ ಸವರಬೇಕು. ಊಟ ಮಾಡಿದ್ನೋ ಇಲ್ವೋ ಎಂಬ ಯೋಚನೆ ಹುಚ್ಚುಹುಚ್ಚಾಗಿ ಬಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನನ್ನು ನೋಡುವ ಆಸೆ ತೀರಿತು ಎನ್ನುವ ಹೊತ್ತಿಗೆ ಅಪ್ಪನೇ ಇಲ್ಲದಂತಾಗಿತ್ತು.

ಮುಂದಿನ ವಾರ ಸಂಘದ ಸೋಮಣ್ಣನವರು ಚಿತ್ರ ನೋಡಲು ಬಂದರು. ನಿವೃತ್ತ ವಿಂಗ್ ಕಮಾಂಡರ್, ಕೋಲು ಹಿಡಿದು ನಡೆಯುವ ವಯಸ್ಸು. ಕೆಂಪರಾಜುವಿನ ಜೊತೆ ಒಂದೇ ಮೆಸ್ಸಿನಲ್ಲಿ ಉಂಡವರು. ಕೋಲೂರಿ ಚಿತ್ರದ ಮುಂದೆ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ, "ಅವನೇ," ಎಂದರು. ಮತ್ತೆ ಗಂಟಲು ಸರಿಮಾಡಿಕೊಂಡು, "ಆದ್ರೆ ಹೀಗಿರೋಕೆ ಸಾಧ್ಯ ಇಲ್ಲ ಅನೀಸ್. ಮಾಸ್ಕ್ ಇಲ್ದೆ ಮೇಲೆ ಉಸಿರಾಡೋಕಾಗಲ್ಲ. ಬೆಳಗಿನ ಬಿಸಿಲು ಎದುರಿಗೆ ಇರುತ್ತೆ, ವೈಸರ್ ಗಾಜು ಇಳಿಸ್ಲೇಬೇಕು. ಹಾರಿದೋರು ಯಾರಾದ್ರೂ ನೋಡಿದ್ರೆ ಸುಳ್ಳು ಅಂತಾರೆ."

"ಮುಖಕ್ಕೋಸ್ಕರ ಎರಡು ತಿಂಗಳು ಕೂತಿದ್ದಾರೆ ಸರ್ ಅವರು!" ಅನೀಸರ ಧ್ವನಿ ಏರಿತು. "ಇದನ್ನ ಮುಚ್ಚೋಕೆ ನನ್ನ ಕೈ ಬರಲ್ಲ."

ಸೋಮಣ್ಣನವರು ಶಶಿರೇಖಾಳ ಕಡೆ ತಿರುಗಿದರು. "ನೀನು ಹೇಳಮ್ಮ. ನೀನು ಹೀಗೇ ಇರಲಿ ಅಂದ್ರೆ ಇರಲಿ. ಸಂಘಕ್ಕೆ ನಾನು ಹೇಳ್ಕೋತೀನಿ."

ಅವಳು ಚಿತ್ರದ ಹತ್ತಿರ ಹೋದಳು. ಎಡಗಣ್ಣು ಒಂಚೂರು ಕೆಳಗಿತ್ತು. ಆ ಕಣ್ಣಿಗೆ ನೇರವಾಗಿ ಬೆಳಗಿನ ಬಿಸಿಲು ಬೀಳುವಂತೆ ಅನೀಸರು ಬೆಳಕು ತಂದಿದ್ದರು. ಆ ಎತ್ತರದಲ್ಲಿ, ಆ ಚಳಿಯಲ್ಲಿ, ಮಾಸ್ಕು ಕೆನ್ನೆಯ ಪಕ್ಕ ಸುಮ್ಮನೆ ನೇತಾಡುತ್ತಿತ್ತು.

"ಹಾಕ್ಬಿಡಿ," ಎಂದಳು. "ಉಸಿರಾಡ್ಬೇಕಲ್ಲ."

ಅನೀಸರು ಬಣ್ಣ ಕಲೆಸಿದರು. ಮೊದಲು ಮಾಸ್ಕು ಮೂಗು, ಬಾಯಿಗಳ ಮೇಲೆ ಬಂತು. ಆಮೇಲೆ ಕಪ್ಪು ಗಾಜು ಹುಬ್ಬಿನಿಂದ ಕೆಳಗಿಳಿಯಿತು. ಶಶಿರೇಖಾ ನಿಂತಲ್ಲೇ ನಿಂತು, ಹುಡುಗನ ಕಣ್ಣು ಗಾಜಿನಡಿ ಮರೆಯಾಗುವ ತನಕ ನೋಡಿದಳು. ಖದೀಜಾ ಬಂದು ಅವಳ ಕೈ ಹಿಡಿದುಕೊಂಡರು.

ಅನಾವರಣ ದೇವನಹಳ್ಳಿಯ ಸಭಾಂಗಣವೊಂದರಲ್ಲಿ ನಡೆಯಿತು. ಭಾಷಣಗಳಾದವು. ಅವಳಿಗೆ ಶಾಲು ಹೊದಿಸಿದರು, ಮೈಕ್ ಕೊಟ್ಟರು. "ಚೆನ್ನಾಗಿ ಬರೆದಿದ್ದಾರೆ," ಎಂದಷ್ಟೇ ಹೇಳಿ ಕೆಳಗಿಳಿದಳು. ಕಾಲೇಜಿನವರು ಚಿತ್ರದ ಮುಂದೆ ಸೆಲ್ಫಿ ತೆಗೆದುಕೊಂಡರು. ವಿಮಾನ ಸೂಪರ್ ಆಗಿದೆ ಗುರು ಎಂದರು. ಒಳಗಿರುವವನ ಮುಖ ಪಕ್ಕದಲ್ಲೇ ಶಾಲು ಹೊದ್ದು ನಿಂತಿರುವುದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವಳ ಮೈ ತಾನಾಗಿ ಎದ್ದಿತು. ಸ್ನಾನ ಮಾಡಿ, ಸೀರೆ ಉಟ್ಟು, ತಲೆ ಬಾಚುವಾಗ ಹೋಗಲು ಎಲ್ಲೂ ಇಲ್ಲವೆಂಬುದು ನೆನಪಾಯಿತು. ಆದರೂ ಬಸ್ ಸ್ಟ್ಯಾಂಡಿಗೆ ಹೋದಳು. ದೊಡ್ಡಬಳ್ಳಾಪುರದ ಬಸ್ಸು ನಿಂತಿತ್ತು. ಹತ್ತಿದಳು.

ಮಹಡಿಯ ಬಾಗಿಲಲ್ಲಿ ಚಪ್ಪಲಿಗಳಿದ್ದವು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪಂಚೆಯುಟ್ಟ ಒಬ್ಬ ಮುದುಕರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನೆಲಮಂಗಲದ ಕಡೆಯ ಪಿಳ್ಳಣ್ಣ; ಅರವತ್ತೈದರ ಯುದ್ಧದಲ್ಲಿ ಹೋದ ಪೈಲಟ್ ಒಬ್ಬನ ತಮ್ಮ. ಅನೀಸರು ಕಣ್ಣು ಕಿರಿದು ಮಾಡಿ ಅವರ ಹುಬ್ಬನ್ನು ನೋಡುತ್ತಿದ್ದರು, ಥೇಟ್ ಅವಳನ್ನು ನೋಡಿದ ಹಾಗೆಯೇ. ಅವಳನ್ನು ಕಂಡು ಸಂತೋಷದಿಂದ, "ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದರು. ಮತ್ತೆ ಹುಬ್ಬಿಗೆ ತಿರುಗಿದರು.

ಅವಳು ಗೋಡೆಬದಿಯ ಸ್ಟೂಲಿನ ಮೇಲೆ ಕೂತಳು. ತನ್ನನ್ನು ಅಷ್ಟು ನೋಡಿದ್ದು ತನಗಾಗಿ ಅಲ್ಲ ಎಂಬುದು ಅವಳಿಗೆ ಮೊದಲೂ ಗೊತ್ತಿತ್ತು. ಗೊತ್ತಿದ್ದದ್ದೇ ಆದರೂ ಆ ಕುರ್ಚಿಯಿಂದ ಕಣ್ಣು ಕೀಳಲಾಗಲಿಲ್ಲ. ಖದೀಜಾ ಕೊಟ್ಟ ಚಹಾ ಹಿಡಿದು ಅದರ ಬಿಸಿಗೆ ಬೆರಳು ಕಾಯಿಸುತ್ತ ಕೂತಳು.

ಅನೀಸರು ಕುಂಚ ತೊಳೆಯಲು ಹೋದಾಗ ಪಿಳ್ಳಣ್ಣ ಕತ್ತು ತಿರುಗಿಸದೆ ಕೇಳಿದರು, "ನಿಮ್ಮೋರೂ ಇದ್ರಾ ತಾಯಿ ಏರೋಪ್ಲೇನಲ್ಲಿ?"

"ಹೂಂ. ಕೆಂಪರಾಜು ಅಂತ. ಇಪ್ಪತ್ತೈದು ವರ್ಷ."

"ಅಯ್ಯೋ ಪಾಪ," ಮುದುಕರು ನಾಲಿಗೆ ಲೊಚಗುಟ್ಟಿದರು. "ಮಗನಾ?"

ಮಗ್ಗಗಳ ಸದ್ದು ಕೆಳಗಿನಿಂದ ಬರುತ್ತಲೇ ಇತ್ತು. ಶಶಿರೇಖಾ ಚಹಾದ ಲೋಟ ಕೆಳಗಿಟ್ಟಳು.

"ನಮ್ಮಪ್ಪ," ಎಂದಳು ಕೊನೆಗೆ.

ಪಿಳ್ಳಣ್ಣ ಕಷ್ಟಪಟ್ಟು ಕತ್ತು ತಿರುಗಿಸಿ ಅವಳ ನರೆತ ಕೂದಲನ್ನು ನೋಡಿದರು. ಆಮೇಲೆ ತಲೆಯಾಡಿಸಿ, "ನಮ್ಮಣ್ಣನೂ ಅಷ್ಟೇ ಕಣಮ್ಮ," ಎಂದರು. "ಈಗ ನನ್ನ ಮೊಮ್ಮಗನಿಗಿಂತ ಚಿಕ್ಕೋನು."